ಕಾವಲಿನಲ್ಲಿ ಸೆಳೆವಗಳನ್ನು ಎಣಿಸುತ್ತಾ

ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿಗೆ, ಅಂದರೆ ದನ ಮೇಯುವ ಹುಲ್ಲು ಬಯಲಿಗೆ, ಚಳಿಗಾಲದ ಸಂಜೆ ಐದರ ಹೊತ್ತಿಗೆ ಹೋಗುತ್ತೇನೆ. ಸೆಳೆವಗಳನ್ನು ಎಣಿಸುವುದು ನನ್ನ ಕೆಲಸ. ಉದ್ದ ರೆಕ್ಕೆಯ ಬೇಟೆ ಹಕ್ಕಿ ಇದು. ಕಜಾಕಿಸ್ತಾನದ ಬಯಲುಗಳಲ್ಲಿ ಮರಿ ಮಾಡಿ ನಮ್ಮ ಬಯಲಿಗೆ ಬರುತ್ತದೆ. ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನೊಳಗೆ ನೆಲದ ಮೇಲೇ ಮಲಗುತ್ತದೆ.

ಮೊದಲ ವರ್ಷ ತೀರಾ ಹತ್ತಿರ ಕೂತುಬಿಟ್ಟೆ. ಹಕ್ಕಿಗಳು ಸುತ್ತಿ ಸುತ್ತಿ, ಇಳಿಯದೆ ಕತ್ತಲಲ್ಲಿ ಎಲ್ಲಿಗೋ ಹೋದವು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಈಗ 200 ಮೀಟರ್ ದೂರದಲ್ಲಿ, ಪಶ್ಚಿಮಕ್ಕೆ ಬೆನ್ನು ಹಾಕಿ, ಪ್ರತಿ ಸಲ ಅದೇ ಬಂಡೆಯ ಪಕ್ಕ ಕೂರುತ್ತೇನೆ. ಇಳಿದದ್ದನ್ನು ಕೂಡಿಸಬೇಕು, ಮತ್ತೆ ಎದ್ದದ್ದನ್ನು ಕಳೆಯಬೇಕು. ಬೂದು ಬಣ್ಣದ ಗಂಡು ಸುಲಭವಾಗಿ ಕಾಣುತ್ತದೆ. ಕಂದು ಬಣ್ಣದವು ಹುಲ್ಲಿನಲ್ಲಿ ಕರಗಿಹೋಗುತ್ತವೆ.

ಬೆಳಿಗ್ಗೆ ಅವು ಹಾರಿದ ಮೇಲೆ ಆ ಜಾಗದಲ್ಲಿ ಹುಡುಕಿದರೆ ಕಕ್ಕಿದ ಉಂಡೆಗಳು ಸಿಗುತ್ತವೆ. ಹೆಬ್ಬೆರಳಿನಷ್ಟು ಇರುತ್ತವೆ. ಬಿಡಿಸಿದರೆ ಮಿಡತೆಯ ಕಾಲುಗಳು, ಗರಗಸದಂಥ ಮುಳ್ಳಿನ ಸಮೇತ. ಒಂದೆರಡು ಗರಿ. ಶೇಂಗಾ ಬೆಳೆಯುವ ಗೆಳೆಯನ ಅಂಗೈಯಲ್ಲಿ ಇಟ್ಟೆ. ಹಕ್ಕಿ ಯಾಕೆ ಬೇಕು ಅಂತ ಆಮೇಲೆ ಅವನು ಕೇಳಲಿಲ್ಲ.

2022ರಲ್ಲಿ ವಾಣಿ ವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಕೋಡಿ ಬಿತ್ತು. ಮರುವರ್ಷವೇ ಬರ, ರಾಜ್ಯದ 223 ತಾಲ್ಲೂಕುಗಳಲ್ಲಿ. ನಮ್ಮ ಕಾವಲಿನ ಹುಲ್ಲು ಕಣಕಾಲು ದಾಟಲಿಲ್ಲ. ಕುರಿಗಳಿಗೂ ಬೇರೆ ಮೇವಿರಲಿಲ್ಲ, ಯಾರನ್ನು ಬೈಯೋಣ? ಬರ ಬಂದರೆ ಸೆಳೆವ ಹುಲ್ಲು, ಮಿಡತೆ ಇರುವ ಇನ್ನೊಂದು ಬಯಲು ಹುಡುಕಿಕೊಂಡು ಹೋಗುತ್ತದೆ. ಆ ಇನ್ನೊಂದು ಬಯಲು ಇರಬೇಕಲ್ವಾ? ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಮಳೆ ಬಂದರೆ ಒಣಗಿದ ಹುಲ್ಲು ಚಿಗುರುತ್ತದೆ. ಗೋಡೆ ಎದ್ದ ಕಡೆ, ಸೋಲಾರ್ ಹಲಗೆ ಕೂತ ಕಡೆ ಏನು ಚಿಗುರೀತು? ಕಾವಲನ್ನು ಪಾಳು ಭೂಮಿ ಅಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬರದ ನಂತರ ಹಕ್ಕಿಯ ಲೆಕ್ಕದ ಪಕ್ಕದಲ್ಲೇ ಹುಲ್ಲಿನ ಎತ್ತರವನ್ನೂ ಬರೆಯುತ್ತೇನೆ. ಕಣಕಾಲು, ಮೊಣಕಾಲು, ಸೊಂಟ, ಅಷ್ಟೇ. ಮೊಣಕಾಲಿಗಿಂತ ಕಡಿಮೆ ಇದ್ದ ಕಡೆ ಹಕ್ಕಿ ಮಲಗಿದ್ದನ್ನು ನಾನು ನೋಡಿಲ್ಲ. ದೇವರ ಎತ್ತು ಕಾಯುವ ಕಿಲಾರಿ ಅಜ್ಜನಿಗೆ ಆ ಪುಸ್ತಕ ಓದಿ ಹೇಳಿದೆ. ಅಜ್ಜ ಬಂಡೆಯ ಆಚೆಗಿನ ಮೂಲೆ ತೋರಿಸಿ, "ಶಿವರಾತ್ರಿ ಕಳೀಲಿ, ಅಲ್ಲೀವರೆಗೆ ಆ ಕಡೆ ದನ ಹೊಡೆಯಲ್ಲ ಬಿಡಪ್ಪ" ಅಂದ. ಮೊನ್ನೆ ಸಂಜೆ ಆ ಮೂಲೆಯಲ್ಲಿ 11 ಹಕ್ಕಿ ಇಳಿದವು.