ಕಾಂಕಿ ಫಲಕಕ್ಕೆ ಬಟನ್ ಹಾಕಿದ್ದು

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಹಳೇ ಕಂಪ್ಯೂಟರ್‌ಗಳು. ಎಲ್ಲದರಲ್ಲೂ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇದೆ. ಪರದೆಯ ಬಲಗಡೆ ಕಾಂಕಿ ಓಡುತ್ತಿರುತ್ತದೆ, ಕಂಪ್ಯೂಟರ್ ಸ್ಥಿತಿ ತೋರಿಸುವ ಪುಟ್ಟ ಪ್ರೋಗ್ರಾಂ. ಸಿಪಿಯು, ರ‍್ಯಾಮ್, ನೆಟ್ ವೇಗ, ಪ್ರಿಂಟರ್ ಕ್ಯೂನಲ್ಲಿ ಏನು ಬಾಕಿ ಇದೆ, ಎಲ್ಲ ಅದರಲ್ಲೇ ಕಾಣುತ್ತದೆ.

ಕಾಣುತ್ತದೆ, ಅಷ್ಟೇ. ಕರೆಂಟ್ ಹೋಗಿ ಪ್ರಿಂಟ್ ಅರ್ಧಕ್ಕೆ ನಿಂತರೆ ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಆ ಕ್ಯೂವನ್ನೇ ನಿಲ್ಲಿಸಿಬಿಡುತ್ತದೆ. ಫಲಕದಲ್ಲಿ ಕೆಂಪಕ್ಷರ ಬರುತ್ತದೆ. ಮತ್ತೆ ಶುರು ಮಾಡಲು ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆಗೆದು ಕಪ್ಸ್‌ಎನೇಬಲ್ ಅಂತ ಹೊಡೆಯಬೇಕು. ಕೌಂಟರ್‌ನಲ್ಲಿರುವ ಹುಡುಗನಿಗೆ ಟರ್ಮಿನಲ್ ಅಂದರೆ ಆಗಲ್ಲ. ಎದುರಿಗೆ ಪ್ರಾಜೆಕ್ಟ್ ರಿಪೋರ್ಟ್‌ಗೆ ಕಾಯುವ ಕಾಲೇಜು ಮಕ್ಕಳು "ಅಣ್ಣಾ, ಬಂತಾ?" ಅಂತ ಕೇಳುತ್ತಲೇ ಇರುತ್ತಾರೆ. ಕ್ಯೂ ನಿಲ್ಲದ ಹಾಗೆ ಕಪ್ಸ್‌ನಲ್ಲೇ ಸೆಟ್ಟಿಂಗ್ ಬದಲಿಸಬಹುದಲ್ವಾ? ಬದಲಿಸಬಹುದು. ಆದರೆ ಆಗ ಕರೆಂಟ್ ಬಂದ ಮೇಲೆ ಹಳೇ ಫೈಲ್ ತಾನಾಗೇ ಹೊರಗೆ ಬರುತ್ತದೆ. ಗಿರಾಕಿ ಅಷ್ಟೊತ್ತಿಗೆ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಶುರು ಮಾಡಬೇಕೋ ಬೇಡವೋ ಅಂತ ನೋಡಿ ಹೇಳಲು ಒಬ್ಬ ಮನುಷ್ಯ ಬೇಕು. ಹಾಗಾಗಿ ಬಟನ್.

ಕಾಂಕಿ ಮೂಲತಃ ತೋರಿಸುವ ಸಾಧನ. ಆದರೆ ಅದರೊಳಗೆ ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೆ. ಈಚಿನ ಆವೃತ್ತಿಗಳಲ್ಲಿ ಮೌಸ್ ಹುಕ್ ಕೂಡ ಬಂದಿದೆ, ಅಂದರೆ ಮೌಸ್ ಆಡಿದಾಗ ನಾವು ಬರೆದ ಫಂಕ್ಷನ್ ಅನ್ನು ಕಾಂಕಿಯೇ ಕರೆಯುತ್ತದೆ. ಮೊದಲು ಟರ್ಮಿನಲ್‌ನಲ್ಲಿ ಕಾಂಕಿಗೆ ಮೈನಸ್ ವಿ ಕೊಟ್ಟು ನೋಡಿ. ನಿಮ್ಮ ಕಾಂಕಿಯಲ್ಲಿ ಏನೇನು ಸೇರಿದೆ ಅನ್ನುವ ಪಟ್ಟಿ ಬರುತ್ತದೆ. ಲುವಾ, ಕೈರೋ (ಚಿತ್ರ ಬಿಡಿಸುವ ಲೈಬ್ರರಿ), ಮೌಸ್ ಈವೆಂಟ್ ಮೂರೂ ಇರಬೇಕು. ಉಬುಂಟು, ಮಿಂಟ್‌ನವರು ಕಾಂಕಿ-ಆಲ್ ಅನ್ನುವ ಪ್ಯಾಕೇಜನ್ನೇ ಹಾಕಿಕೊಳ್ಳಿ. ಅದರಲ್ಲೂ ಮೌಸ್ ಇಲ್ಲದಿದ್ದರೆ ಮೂಲ ಕೋಡ್ ತಂದು ಆ ಆಯ್ಕೆ ಆನ್ ಮಾಡಿ ನಾವೇ ಕಂಪೈಲ್ ಮಾಡಬೇಕು.

ಕೆಲಸ ಎರಡು ಭಾಗ. ಚಿತ್ರ ಬರೆಯುವ ಫಂಕ್ಷನ್ ಬಟನ್ನಿನ ಚೌಕ ಬಿಡಿಸುತ್ತದೆ. ಮೌಸ್ ಫಂಕ್ಷನ್‌ಗೆ ಕಾಂಕಿ ಒಂದು ಟೇಬಲ್ (ಮಾಹಿತಿಯ ಪಟ್ಟಿ) ಕೊಡುತ್ತದೆ. ಯಾವ ಬಗೆಯ ಈವೆಂಟ್, ಎಕ್ಸ್ ಎಷ್ಟು, ವೈ ಎಷ್ಟು, ಎಡ ಗುಂಡಿಯೋ ಬಲ ಗುಂಡಿಯೋ ಅನ್ನುವುದೆಲ್ಲ ಅದರಲ್ಲಿರುತ್ತದೆ. ಬಟನ್‌ಗಳ ಅಳತೆಯನ್ನು ಒಂದೇ ಟೇಬಲ್‌ನಲ್ಲಿ ಬರೆದಿಟ್ಟು ಎರಡೂ ಫಂಕ್ಷನ್ ಅದನ್ನೇ ಓದುವ ಹಾಗೆ ಮಾಡಿ. ಇಲ್ಲದಿದ್ದರೆ ಚೌಕ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ. ಮೌಸ್ ಸುಮ್ನೆ ಮೇಲೆ ಹಾದುಹೋದರೂ ಈವೆಂಟ್‌ಗಳು ಸುರಿಯುತ್ತವೆ. ಹಾಗಾಗಿ ಫಂಕ್ಷನ್ನಿನ ಮೊದಲ ಸಾಲಲ್ಲೇ, ಗುಂಡಿ ಒತ್ತಿದ ಈವೆಂಟ್ ಅಲ್ಲದಿದ್ದರೆ ವಾಪಸ್ ಅಂತ ಬರೆಯಿರಿ. ಕೈರೋ ಸರ್ಫೇಸ್ (ಚಿತ್ರ ಬಿಡಿಸುವ ಹಾಳೆ) ಮಾಡಿದ ಮೇಲೆ ಪ್ರತಿ ಸಲವೂ ಅದನ್ನು ಡಿಸ್ಟ್ರಾಯ್ ಮಾಡಲೇಬೇಕು. ಮಾಡದಿದ್ದರೆ ರ‍್ಯಾಮ್ ತೋರಿಸಬೇಕಾದ ಕಾಂಕಿಯೇ ಸಂಜೆಯೊಳಗೆ ರ‍್ಯಾಮ್ ತಿಂದಿರುತ್ತದೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಕ್ಲಿಕ್ ಅಲ್ಲ, ಬಟನ್ ಮೇಲಿನ ಕನ್ನಡ. ಹುಡುಗನಿಗೆ ಕನ್ನಡದಲ್ಲೇ ಇರಲಿ ಅಂತ ಆಸೆ. ಕೈರೋದ ಸರಳ ಅಕ್ಷರ ಫಂಕ್ಷನ್‌ಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. 'ಪ್ರಿಂಟರ್' ಅಂತ ಕೊಟ್ಟರೆ ಪಕಾರ, ರಕಾರ, ಗುಣಿತದ ಗುರುತು ಎಲ್ಲ ಬೇರೆ ಬೇರೆ ನಿಲ್ಲುತ್ತವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದ ಹಾಗೆ. ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ಫಾಂಟಿನದಲ್ಲ. ಕೊನೆಗೆ ಇಂಕ್‌ಸ್ಕೇಪ್‌ನಲ್ಲಿ ಬಟನ್ ಬರಹಗಳನ್ನು ಬರೆದು ಪಿಎನ್‌ಜಿ ಚಿತ್ರಗಳಾಗಿ ಉಳಿಸಿದೆ. ಕಾಂಕಿ ಶುರುವಾದಾಗ ಒಂದು ಸಲ ಅವನ್ನು ಲೋಡ್ ಮಾಡಿಕೊಂಡರೆ ಸಾಕು, ಆಮೇಲೆ ಬರೀ ಅಂಟಿಸುವುದು. ನೋಡಲೂ ಚೆನ್ನಾಗಿದೆ.

ಬಟನ್ ಒತ್ತಿದರೆ ಓಡುವ ಆಜ್ಞೆಗಳನ್ನು ಲುವಾದಲ್ಲಿ ಬರೆಯಲಿಲ್ಲ. ಒಂದೊಂದಕ್ಕೂ ಪುಟ್ಟ ಶೆಲ್ ಸ್ಕ್ರಿಪ್ಟ್. ಟರ್ಮಿನಲ್‌ನಲ್ಲಿ ಓಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಬಟನ್‌ಗೆ ಕಟ್ಟಿದೆ. ಲುವಾದಿಂದ ಕರೆಯುವಾಗ ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ. ಇಲ್ಲದಿದ್ದರೆ ಆ ಕೆಲಸ ಮುಗಿಯುವವರೆಗೆ ಇಡೀ ಫಲಕ ಗಟ್ಟಿಯಾಗಿ ನಿಂತುಬಿಡುತ್ತದೆ.

ಈಗ ಇರುವುದು ನಾಲ್ಕು: ಪ್ರಿಂಟರ್ ಶುರು, ಕ್ಯೂ ಖಾಲಿ, ಕಪ್ಸ್ ರೀಸ್ಟಾರ್ಟ್, ಪೆನ್‌ಡ್ರೈವ್ ತೆಗೆ. ಪೆನ್‌ಡ್ರೈವ್ ಬಟನ್ನೇ ಹೆಚ್ಚು ಬಳಕೆ. ಫೈಲ್ ಕಾಪಿ ಆದಂತೆ ಕಂಡರೂ ಕೊನೆಯ ಭಾಗ ಇನ್ನೂ ಬರೆಯುತ್ತಿರುತ್ತದೆ, ಅಷ್ಟರಲ್ಲಿ ಗಿರಾಕಿ ಕಿತ್ತುಕೊಂಡು ಹೊರಟಿರುತ್ತಾನೆ. ಈ ಬಟನ್ ಯುಡಿಸ್ಕ್ಸ್‌ಸಿಟಿಎಲ್ ಅನ್ನುವ ಆಜ್ಞೆಯ ಮೂಲಕ ಅನ್‌ಮೌಂಟ್ ಮಾಡಿ, ಮುಗಿದ ಮೇಲೆ "ಈಗ ತೆಗೆಯಬಹುದು" ಅಂತ ನೋಟಿಫಿಕೇಶನ್ ಕೊಡುತ್ತದೆ. ನೋಟಿಫಿಕೇಶನ್‌ನಲ್ಲಿ ಕನ್ನಡ ಸರಿಯಾಗಿಯೇ ಬರುತ್ತದೆ. ಎಲ್ಲ ಬಟನ್‌ಗೂ ಇದನ್ನು ಸೇರಿಸಿದ್ದೇನೆ. ಏಕೆಂದರೆ ಕಾಂಕಿ ಫಲಕವನ್ನು ಮುಂದಿನ ಸಲ ಹೊಸದಾಗಿ ಬಿಡಿಸುವವರೆಗೆ ಚಿತ್ರ ಬದಲಿಸುವುದಿಲ್ಲ. ಒತ್ತಿದರೂ ಏನೂ ಆಗಲಿಲ್ಲ ಅಂತ ಜನ ಮತ್ತೆ ಮತ್ತೆ ಒತ್ತುತ್ತಾರೆ.

ಕ್ಯೂ ಖಾಲಿ ಮಾಡುವುದು ಅಪಾಯದ್ದು, ಬೇರೆಯವರ ಕೆಲಸವೂ ಹೋಗುತ್ತದೆ. ಅದಕ್ಕೆ 3 ಸೆಕೆಂಡಿನೊಳಗೆ ಎರಡು ಸಲ ಒತ್ತಬೇಕು. ಮೊದಲ ಒತ್ತಿಗೆ ಸಮಯ ಗುರುತು ಹಾಕಿಕೊಂಡು ಬಣ್ಣ ಕೇಸರಿ ಆಗುತ್ತದೆ, ಎರಡನೆಯದಕ್ಕೆ ಮಾತ್ರ ಕೆಲಸ.

ಅನುಮತಿ ವಿಷಯ. ಪ್ರಿಂಟರ್ ಶುರು ಮಾಡಲು ರೂಟ್ (ಪೂರ್ಣ ಅಧಿಕಾರ) ಬೇಡ, ಬಳಕೆದಾರರನ್ನು ಪ್ರಿಂಟರ್ ನಿರ್ವಹಿಸುವ ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿದರೆ ಸಾಕು. ಕಪ್ಸ್ ರೀಸ್ಟಾರ್ಟ್‌ಗೆ ಮಾತ್ರ ಆ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸುಡೊ ಬೇಕು. ಸುಡೊ ನಿಯಮಗಳನ್ನು ತಿದ್ದುವ ವಿಸುಡೊ ತೆರೆದು ಆ ಒಂದೇ ಆಜ್ಞೆಗೆ ಪಾಸ್‌ವರ್ಡ್ ಬೇಡ ಅಂತ ಒಂದು ಸಾಲು ಬರೆದೆ. ಇಡೀ ಸುಡೊಗೆ ಪಾಸ್‌ವರ್ಡ್ ತೆಗೆದುಬಿಡಿ ಅಂತ ಸಲಹೆ ಕೊಡುವವರು ಇದ್ದಾರೆ. ಸಿಕ್ಕವರ ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರ್‌ನಲ್ಲಿ ಆ ಮಾತೇ ಬೇಡ.

ಕ್ಲಿಕ್ ಸರಿಯಾಗಿ ಸಿಗದಿದ್ದರೆ ಕಾಂಕಿಯ ವಿಂಡೋ ಬಗೆ ನೋಡಿ. ನನಗೆ ನಾರ್ಮಲ್ ಅಂತ ಕೊಟ್ಟು, ಅಂಚು ಬೇಡ, ಎಲ್ಲದರ ಕೆಳಗಿರಲಿ, ಟಾಸ್ಕ್‌ಬಾರ್‌ನಲ್ಲಿ ಕಾಣಬೇಡ ಅನ್ನುವ ಹಿಂಟ್‌ಗಳನ್ನು ಸೇರಿಸಿದ ಮೇಲೆ ಸರಿಹೋಯಿತು. ಹುಡುಗ ಈಗ ಶಟ್‌ಡೌನ್ ಬಟನ್ ಕೇಳುತ್ತಿದ್ದಾನೆ. ಅದನ್ನು ಹಾಕಿಲ್ಲ, ಮೆನುವಿನಲ್ಲೇ ಇದೆಯಲ್ಲ.