ಹಳೆಯ ಕಾಮಿಡಿಗೆ ಅಂಕ ಹಾಕೋದು ಹೇಗೆ?

ಶುರುವಿಗೆ ಬಿಬಿಸಿಯ ‘ಫಾಲ್ಟಿ ಟವರ್ಸ್’ ತಗೊಳ್ಳಿ. 1975ರಲ್ಲಿ ಆರು ಕಂತು, 1979ರಲ್ಲಿ ಆರು, ಅಷ್ಟೇ. ಧಾರವಾಡದ ಮಳೆಗಾಲದಲ್ಲಿ ಹನ್ನೆರಡು ಸಂಜೆಗೆ ಮುಗಿಯುತ್ತದೆ. ದಿನಕ್ಕೆ ಒಂದೇ ನೋಡಿ. ನಾನೊಮ್ಮೆ ನಾಲ್ಕು ಒಟ್ಟಿಗೆ ನೋಡಿ ಎಲ್ಲಕ್ಕೂ ಏಳು ಕೊಟ್ಟಿದ್ದೆ, ಸುಮ್ನೆ ದಂಡ.

ನಗು ಬಂದಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ಸ್ಟುಡಿಯೋದಲ್ಲಿ ಕೂತವರ ನಗು ಲೆಕ್ಕಕ್ಕಿಲ್ಲ. ಬಾಯಲ್ಲಿ ಮಿರ್ಚಿ ಭಜಿ ಇದ್ದಾಗ ನಕ್ಕು ಕೆಮ್ಮು ಬಂದರೆ ಎರಡು ಗೆರೆ, ಇದು ನಮ್ಮನೆ ರೂಲು. ಅಂಕ ಮಾತ್ರ ಮರುದಿನ ಚಹಾದ ಹೊತ್ತಿಗೆ ಹಾಕಿ. ರಾತ್ರಿ ಕಳೆದರೂ ನೆನಪಿರುವ ದೃಶ್ಯಕ್ಕೇ ಜಾಸ್ತಿ ಬೆಲೆ, ಅಲ್ವಾ?

ಹೆಣದ ಕಂತಿಗೆ ನಾನು ಒಂಬತ್ತು ಕೊಟ್ಟೆ. ಅತಿಥಿ ಸತ್ತಿದ್ದು ಗೊತ್ತಾಗದೆ ಹೋಟೆಲ್ ಮಾಲೀಕ ಬೇಸಿಲ್ ಹಾಸಿಗೆಗೇ ತಿಂಡಿ ತಂದಿಟ್ಟು ಹರಟುತ್ತಾನೆ! ನಮ್ಮಾಕೆ ಆರೇ ಕೊಟ್ಟಳು. ಸತ್ತವರನ್ನು ನೋಡಿ ನಗಬಾರದಂತೆ. ಅವಳ ಗೆರೆ ಎಣಿಸಿದೆ, ಹದಿನಾಲ್ಕು.