ಹಿತ್ತಲಿನ ಟೇಬೆರಿ ಮತ್ತು ಅಮ್ಮನ ಬಾಳೆ ಲೆಕ್ಕ

ನಾವಿರುವುದು ಅಮೆರಿಕದ ಆರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಹಿತ್ತಲ ಬೇಲಿ ಪಕ್ಕ ಟೇಬೆರಿ ಹಾಕಿ ಐದು ವರ್ಷವಾಯಿತು. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಎರಡನ್ನೂ ಕೂಡಿಸಿ ಸ್ಕಾಟ್ಲೆಂಡ್‌ನಲ್ಲಿ ಮಾಡಿದ ಹೈಬ್ರಿಡ್ ತಳಿ ಇದು. ಅಲ್ಲಿನ ಟೇ ನದಿಯ ಹೆಸರನ್ನೇ ಇಟ್ಟಿದ್ದಾರೆ. ಹಣ್ಣು ತುಂಬಾ ಮೆದು, ದೂರ ಸಾಗಿಸಲು ಆಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಸಿಗುವುದು ಅಪರೂಪ.

ಆರಡಿ ಅಂತರದಲ್ಲಿ ಎರಡು ಗಿಡ ನೆಟ್ಟೆ. ನಮ್ಮದು ಜೇಡಿ ಮಣ್ಣು, ಚಳಿಗಾಲವಿಡೀ ಮಳೆ ಬೇರೆ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಏರುಮಡಿ ಮಾಡಿ ಕಾಂಪೋಸ್ಟ್ ಸೇರಿಸಿದೆ. ಎರಡು ಕಂಬ ನೆಟ್ಟು ತಂತಿ ಎಳೆದೆ.

ಮೊದಲ ವರ್ಷ ಬಳ್ಳಿ ಎಂಟಡಿ ಹಬ್ಬಿತು, ಹೂವು ಮಾತ್ರ ಒಂದೂ ಇಲ್ಲ. ಚಳಿಗಾಲದಲ್ಲಿ ಎಲ್ಲವನ್ನೂ ಬುಡಕ್ಕೆ ಕತ್ತರಿಸಿಬಿಟ್ಟೆ. ಮರುವರ್ಷವೂ ಹಣ್ಣಿಲ್ಲ! ತುಂಬಾ ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಈ ವರ್ಷ ಚಿಗುರಿದ ಬಳ್ಳಿ ಹಣ್ಣು ಬಿಡುವುದು ಮುಂದಿನ ವರ್ಷ. ಬಿಟ್ಟ ಮೇಲೆ ಅದು ಒಣಗುತ್ತದೆ. ಫೋನಿನಲ್ಲಿ ಹೇಳಿದರೆ ಅಮ್ಮ, "ನಮ್ಮ ಬಾಳೆ ಥರಾನೇ ಅಲ್ವೇನೋ? ಗೊನೆ ಕೊಟ್ಟಿದ್ದನ್ನ ಕಡಿ, ಕಂದು ಉಳಿಸ್ಕೋ" ಎಂದರು.

ಅಂದಿನಿಂದ ಅದೇ ಲೆಕ್ಕ. ಹಣ್ಣು ಬಿಡುವ ಬಳ್ಳಿಗಳನ್ನೆಲ್ಲ ಎಡಕ್ಕೆ ಕಟ್ಟುತ್ತೇನೆ, ಹೊಸ ಚಿಗುರನ್ನು ಬಲಕ್ಕೆ. ಕೊಯ್ಲು ಮುಗಿದ ತಕ್ಷಣ ಎಡಗಡೆಯದನ್ನು ಬುಡಕ್ಕೆ ಕತ್ತರಿಸುತ್ತೇನೆ. ಮರುವರ್ಷ ಬಲಗಡೆಯದು ಹಣ್ಣು ಬಿಡುತ್ತದೆ, ಹೊಸದು ಎಡಕ್ಕೆ. ಕತ್ತರಿ ಹಿಡಿದಾಗ ಗೊಂದಲವೇ ಇಲ್ಲ. ಮುಳ್ಳು ಜಾಸ್ತಿ, ದಪ್ಪ ಕೈಗವಸು ಬೇಕೇ ಬೇಕು.

ಕೀಳುವಾಗ ಅವಸರ ಬೇಡ. ಕಡುಗೆಂಪು ಕಂಡರೆ ಕೈ ಹೋಗುತ್ತದೆ, ಆದರೆ ಆಗಿನ್ನೂ ಹುಳಿ. ಕಿತ್ತಿಟ್ಟರೆ ಮಾವಿನ ಹಾಗೆ ಹಣ್ಣಾಗುವುದೂ ಇಲ್ಲ. ಹೊಳಪು ಇಳಿದು, ಬಣ್ಣ ನೇರಳೆಗೆ ತಿರುಗಿ, ಮುಟ್ಟಿದರೆ ಬೆರಳಿಗೆ ರಸ ಅಂಟಬೇಕು. ರಾಸ್ಪ್‌ಬೆರಿ ಕಿತ್ತರೆ ಒಳಗೆ ಟೊಳ್ಳು. ಇದರಲ್ಲಿ ನಡುವಿನ ಬಿಳಿ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ಜಾಮ್‌ಗಂತೂ ಇದರಷ್ಟು ಚೆನ್ನಾಗಿರುವ ಹಣ್ಣು ನಾನು ಕಂಡಿಲ್ಲ.

ಹೊಸ ಗಿಡಕ್ಕೆ ದುಡ್ಡು ಕೊಡಬೇಕಿಲ್ಲ. ಆಗಸ್ಟ್ ಕೊನೆಗೆ ಹೊಸ ಬಳ್ಳಿಯ ತುದಿಯನ್ನು ನಾಲ್ಕಿಂಚು ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲಿಡುತ್ತೇನೆ. ವಸಂತಕ್ಕೆ ಬೇರು ಬಿಟ್ಟಿರುತ್ತದೆ. ಹೋದ ವರ್ಷ ಹೀಗೆ ಮೂರು ಸಸಿ ಆದವು. ಒಂದನ್ನು ಪಕ್ಕದ ಮನೆಯವರಿಗೆ ಕೊಟ್ಟೆ, ಎರಡು ನಮ್ಮ ಬೇಲಿಯ ಇನ್ನೊಂದು ತುದಿಯಲ್ಲಿ ಹಬ್ಬುತ್ತಿವೆ.